ತಾನೇ ಟಕ್ಕೆನ್ನುವ ರಿಲೇ

ಪಾರ್ಶ್ವವಾಯು ಬಡಿದು ಅಪ್ಪನ ಮಾತು ನಿಂತು ಎಂಟು ತಿಂಗಳಾಗಿತ್ತು. ಹಲಸೂರು ಕೆರೆಯ ಹತ್ತಿರದ ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದೆ. ಬಿಡುವಾದಾಗ ರಸ್ತೆಬದಿಯ ಕೋಣೆಯಲ್ಲಿ, ಹವ್ಯಾಸಿಗಳು ದೂರದೂರದಿಂದ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ನನ್ನ ಹ್ಯಾಮ್ ರೇಡಿಯೋ.

ಆ ವಾರ ಹಳೆಯ ಆಂಪ್ಲಿಫೈಯರ್ ಒಂದನ್ನು ರೇಡಿಯೋಗೆ ಜೋಡಿಸಿದ್ದೆ. ಪ್ರಸಾರ ಶುರುವಾದ ಕೂಡಲೇ ಅದನ್ನು ಎಬ್ಬಿಸಲು ರೇಡಿಯೋದ ಹಿಂಭಾಗದಿಂದ ಒಂದು ತಂತಿ ಬರುತ್ತದೆ. ಆದರೆ ಒಳಗಿನ ಪುಟ್ಟ ಟ್ರಾನ್ಸಿಸ್ಟರ್ ಹೆಚ್ಚು ವಿದ್ಯುತ್ ತಾಳದು. ಹಾಗಾಗಿ ನಡುವೆ ಟಕ್ಕೆಂದು ತಾನೇ ಕೂಡಿ ಬಿಡುವ ಸ್ವಿಚ್ಚಿನಂಥ ಚಿಕ್ಕ ರಿಲೇ ಇಟ್ಟು, ವಿದ್ಯುತ್ತಿನ ಹೊಡೆತ ಹಿಂದಕ್ಕೆ ನುಗ್ಗದಂತೆ ಅದಕ್ಕೊಂದು ಡಯೋಡ್ ಬೆಸೆದೆ. ಗುಂಡಿ ಒತ್ತುವ ಕೆಲಸ ತಪ್ಪಲೆಂದು, ಮೈಕಿಗೆ ದನಿ ಬಿದ್ದರೆ ರೇಡಿಯೋ ತಾನೇ ಪ್ರಸಾರಕ್ಕೆ ಇಳಿಯುವಂತೆ ಮಾಡಿದ್ದೆ. ಮಾತಾಡಿದರೆ ಟಕ್, ನಿಲ್ಲಿಸಿದರೆ ಟಕ್.

ಮರುದಿನ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಕೋಣೆಯಲ್ಲಿ ರಿಲೇ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಹೋಗಿ ನೋಡಿದರೆ ಅಪ್ಪ ಗಾಲಿಕುರ್ಚಿಯಲ್ಲಿ ಮೇಜಿನ ಪಕ್ಕ ಬಾಯಿ ಮುಚ್ಚಿ ಕೂತಿದ್ದರು. ಸ್ಪೀಕರಿನ ದನಿಯನ್ನೂ ಪೂರ್ತಿ ಇಳಿಸಿತ್ತು. ಟ್ರಾನ್ಸಿಸ್ಟರ್ ಕೆಟ್ಟಿರಬೇಕೆಂದು ಮೀಟರ್ ಹಿಡಿದು ನೋಡಿದೆ, ಸರಿಯಾಗಿಯೇ ಇತ್ತು. ಡಯೋಡನ್ನೂ ಬದಲಿಸಿದೆ. ಮಾರನೆಯ ದಿನ ಅದೇ ಹೊತ್ತಿಗೆ ರಿಲೇ ಮತ್ತೆ ಶುರುಮಾಡಿತು.

ಸಂಜೆ ಪುಲಿಕೇಶಿನಗರದಲ್ಲಿ ಗಡಿಯಾರದಂಗಡಿ ಇಟ್ಟಿರುವ, ನನ್ನ ಹಾಗೇ ಹ್ಯಾಮ್ ಆದ ಗೆಳೆಯರು ಫೋನ್ ಮಾಡಿದರು.

"ಮೇಡಂ, ಮಧ್ಯಾಹ್ನ ನಿಮ್ಮ ರೇಡಿಯೋಲಿ ಯಾರ್ ಮಾತಾಡ್ತಿದ್ದಿದ್ದು?"

"ಯಾರೂ ಇಲ್ವಲ್ಲ. ರಿಲೇ ಸರಿ ಇಲ್ಲ, ಸುಮ್ನೆ ಬಡ್ಕೋತಿದೆ."

"ಅಲ್ಲ ಮೇಡಂ, ವಯಸ್ಸಾದೋರ ದನಿ. 'ಹೂಂ' ಅಂತಾರೆ, ನಿಲ್ಲಿಸ್ತಾರೆ. ಆಮೇಲೆ 'ಬರ್ತೀನಿ' ಅಂತಾರೆ. ಯಾರಿಗೋ ಜವಾಬ್ ಕೊಡೋ ಥರ. ಆ ಕಡೆಯವರದು ಮಾತ್ರ ನಂಗೆ ಕೇಳಿಸ್ಲಿಲ್ಲ."

ಫೋನ್ ಇಟ್ಟು ಹಜಾರಕ್ಕೆ ಬಂದೆ. ಅಪ್ಪ ಟಿವಿಯ ಮುಂದೆ ಎಂದಿನಂತೆ ಮೂಕರಾಗಿ ಕೂತಿದ್ದರು.

ಮರುದಿನ, ಹೊರಗೆ ಯಾರಿಗೂ ಕೇಳಿಸದಿರಲೆಂದು ಏರಿಯಲ್ ಬಿಚ್ಚಿ, ಅದರ ಜಾಗಕ್ಕೆ ಪ್ರಸಾರವನ್ನು ಹೊರಬಿಡದೆ ನುಂಗಿಕೊಳ್ಳುವ ಡಮ್ಮಿ ಲೋಡ್ ಸಿಕ್ಕಿಸಿದೆ. ಊಟವಾದ ಮೇಲೆ ಬರಿಗಾಲಲ್ಲಿ ಬಂದು ಬಾಗಿಲ ಮರೆಯಲ್ಲಿ ನಿಂತೆ. ಅಪ್ಪ ಎಡಗೈಯಿಂದ ಚಕ್ರ ತಳ್ಳಿಕೊಂಡು ಮೈಕಿನ ಹತ್ತಿರ ಬಂದರು. ಎದುರಿನ ನನ್ನ ಖಾಲಿ ಕುರ್ಚಿಯನ್ನು ನೋಡಿ ತಲೆಯಾಡಿಸಿದರು. ತುಟಿ ಅಲುಗಿತು. ಟಕ್.

"ಹೂಂ."

ಟಕ್. ಕಿವಿಗೊಟ್ಟು ಕೂತರು. ಇನ್ನೊಬ್ಬರು ಒಂದು ಮಾತು ಮುಗಿಸುವಷ್ಟು ಹೊತ್ತು. ಮತ್ತೆ ಟಕ್.

"ಗೊತ್ತು. ಬರ್ತೀನಿ."

ಎಂಟು ತಿಂಗಳ ಮೇಲೆ ಅಪ್ಪನ ದನಿ, ಅಡುಗೆಮನೆಗೆ ಕೇಳಿಸದಷ್ಟು ಮೆಲ್ಲಗೆ. ಕಣ್ಣಲ್ಲಿ ನೀರು ಬಂತು. ತಡೆಯಲಾರದೆ "ಅಪ್ಪಾ" ಎಂದುಬಿಟ್ಟೆ. ಅವರು ತಿರುಗದೆ ಎಡಗೈ ಎತ್ತಿ ನನ್ನನ್ನು ತಡೆದರು.

"ತಾಳು. ಹೇಳ್ತಾ ಇದ್ದಾಳೆ."

ಆಮೇಲೆ ಅವರ ಮಾತು ಒಂದೊಂದಾಗಿ ಮರಳಿತು. ಮೊದಲು ನೀರು, ಕಾಫಿ, ಬಳಿಕ ನನ್ನ ಹೆಸರು. ಮಾತು ಕಲಿಸಲು ಬರುತ್ತಿದ್ದಾಕೆಗೆ ಖುಷಿಯೋ ಖುಷಿ. ತಿಂಗಳಾದ ಮೇಲೆ ಧೈರ್ಯ ಮಾಡಿ ಕೇಳಿದೆ.

"ಅವತ್ತು ಯಾರಪ್ಪಾ ಹೇಳ್ತಿದ್ದಿದ್ದು?"

ಅಪ್ಪ ನಿಜಕ್ಕೂ ಆಶ್ಚರ್ಯದಿಂದ ನನ್ನ ಮುಖ ನೋಡಿದರು.

"ನಿಂಗೆ ಕೇಳಿಸ್ಲಿಲ್ವಾ?"