ಹಿಂದಿನ ಗೇಟಿನ ಸರಕಾರ

ಗುಬ್ಬಿ, ಪುಟ್ಯಾ,

ಶಾಲೆಯಲ್ಲಿ ನಿಮಗೆ ಬೇರೆ ಹೆಸರುಗಳಿವೆ, ಗೊತ್ತು. ನನ್ನ ಬಾಯಿಗೆ ಬರುವ ಹೆಸರು ಇವೇ. ನೀವು ಕನ್ನಡ ಓದಲು ಕಲಿತ ಮೇಲೆ ಇದನ್ನು ಓದಿ. ಅಲ್ಲಿಯವರೆಗೆ ನಿಮ್ಮ ಅಪ್ಪ ಓದಿ ಹೇಳಲಿ. ಆದರೆ ತನ್ನ ವಿಷಯ ಬಂದ ಕಡೆ ಅವನು ಸಾಲು ಹಾರಿಸುತ್ತಾನೆ, ಹುಷಾರಾಗಿರಿ.

ಅಮೆರಿಕದ ಫ್ರೀಮಾಂಟಿನ ನಮ್ಮ ಮನೆಯ ನಡುಮನೆಯಲ್ಲಿ ಒಂದು ದ್ವೀಪ ಹುಟ್ಟಿದ್ದು ಗುಬ್ಬಿಯ ಡಿಬೇಟಿನಿಂದ. ಒಂದು ಸಂಜೆ ಅವಳು ಶಾಲೆಯಿಂದ ಬಂದವಳೇ ನನ್ನ ಜಮಖಾನದ ಮೇಲೆ ಕುಳಿತು ಹೇಳಿದಳು.

"ಅಜ್ಜಿ, ಸಮುದ್ರದ ಮಧ್ಯ ಒಂದು ಐಲ್ಯಾಂಡ್ ಇದೆ, ಓಕೆ? ಅದು ದೊಡ್ಡ ಕಂಟ್ರಿಗೆ ಸೇರಿದ್ದು. ಬಟ್ ಯಾರು ಒಳಗೆ ಬರಬೇಕು ಅಂತ ಐಲ್ಯಾಂಡೇ ಡಿಸೈಡ್ ಮಾಡುತ್ತೆ. ಈಗ ಆ ಕಂಟ್ರೋಲು ದೊಡ್ಡ ಗವರ್ನಮೆಂಟಿಗೆ ಕೊಡಬೇಕಾ, ಬೇಡ್ವಾ? ನಂದು ಕೊಡಬೇಕು ಸೈಡ್."

ನನಗೆ ಕೂಡಲೇ ಅರ್ಥವಾಯಿತು. ನಮ್ಮ ಹಳ್ಳಿಗೆ ಒಂದು ಅಗಸಿ ಇತ್ತು, ಊರೊಳಗೆ ಬರುವ ದೊಡ್ಡ ಬಾಗಿಲು. ಅದರ ಕಟ್ಟೆಯ ಮೇಲೆ ಕೂತ ಮುದುಕರಿಗೆ ಬಂದವರು ಯಾರ ಬೀಗರು, ಯಾರ ಮನೆಗೆ ಹೊರಟವರು ಎಂದು ತಿಳಿಯುತ್ತಿತ್ತು. ಆ ಅಗಸಿಯ ಕೀಲಿಯನ್ನು ದಿಲ್ಲಿಯಲ್ಲಿ ಇಡಬೇಕೋ ಬೇಡವೋ ಎಂಬ ಪ್ರಶ್ನೆ ಇದು.

"ಯಾಕ ಕೊಡಬೇಕು?" ಎಂದೆ.

"ಯಾಕಂದ್ರೆ ಐಲ್ಯಾಂಡಲ್ಲಿ ಕೆಲವರು ಕೆಲಸಕ್ಕೆ ಅಂತ ಜನರನ್ನ ಕರೆಸಿ ಚೀಟ್ ಮಾಡ್ತಾರೆ. ಮೇಲೆ ಯಾರಾದ್ರೂ ನೋಡಬೇಕಲ್ವಾ?"

ಅದೂ ಖರೆ. ಹಾಗಾದರೆ ಬೇಡ ಎನ್ನುವವರು ಏನು ಹೇಳುತ್ತಾರೆ ಎಂದು ಕೇಳಿದೆ. ದೂರದಲ್ಲಿ ಕೂತವರಿಗೆ ಐಲ್ಯಾಂಡಿಗೆ ನರ್ಸು ಬೇಕೋ ಅಡುಗೆಯವರು ಬೇಕೋ ಗೊತ್ತಾಗಲ್ಲ ಎನ್ನುತ್ತಾರೆ ಎಂದಳು. ಅದೂ ಖರೆಯೇ ಅನ್ನಿಸಿತು. ಎರಡೂ ಕಡೆ ತಲೆ ಆಡಿಸುವ ಅಜ್ಜಿಯಿಂದ ಪ್ರಾಕ್ಟೀಸಿಗೆ ಏನೂ ಉಪಯೋಗವಿಲ್ಲ ಎಂದು ಗುಬ್ಬಿ ನನ್ನನ್ನು ದ್ವೀಪದ ಮುಖ್ಯಸ್ಥೆ ಮಾಡಿಬಿಟ್ಟಳು. ಜಮಖಾನವೇ ದ್ವೀಪ, ಸುತ್ತಲಿನ ಕಾರ್ಪೆಟ್ಟು ಸಮುದ್ರ, ಸೋಫಾ ದೊಡ್ಡ ದೇಶ. ಪುಟ್ಯಾ, ನೀನು ಶಾರ್ಕು. ಕೆಲಸ ಕೊಟ್ಟವರು ಯಾರೂ ಇಲ್ಲ, ನೀನಾಗಿಯೇ ಈಜಲು ಶುರು ಮಾಡಿದೆ.

ಆ ವಾರವೇ ನಮ್ಮ ಮನೆಯಲ್ಲಿ ಬಾಗಿಲಿನ ವಿಷಯಕ್ಕೆ ಒಂದು ಗದ್ದಲ ನಡೆದಿತ್ತು. ನನಗೆ ಯಾರಿಗೂ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಟೈ ಕಟ್ಟಿಕೊಂಡು ದೇವರ ಪುಸ್ತಕ ಹಂಚುವ ಇಬ್ಬರು ತರುಣರು ಒಮ್ಮೆ ಗಂಟೆ ಒತ್ತಿದರು. ಬಿಸಿಲಲ್ಲಿ ಬಂದಿದ್ದಾರೆ ಎಂದು ಒಳಗೆ ಕರೆದು ಒಗ್ಗರಣೆ ಅವಲಕ್ಕಿ ಕೊಟ್ಟೆ. ಅವರು ಹೇಳಿದ್ದು ನನಗೆ ತಿಳಿಯಲಿಲ್ಲ, ನಾನು ಹೇಳಿದ್ದು ಅವರಿಗೆ ತಿಳಿಯಲಿಲ್ಲ, ಅವಲಕ್ಕಿ ಮಾತ್ರ ತಿಳಿಯಿತು. ಆಮೇಲೆ ಶನಿವಾರ ಶನಿವಾರ ಬರತೊಡಗಿದರು. ಕೊನೆಗೆ ತಮ್ಮ ಗೆಳೆಯನನ್ನೂ ಕರೆತಂದರು.

ನಿಮ್ಮ ಅಪ್ಪ ಮುಂಬಾಗಿಲಿಗೆ ಕಣ್ಣಿರುವ ಗಂಟೆ ಹಾಕಿಸಿದ. ಒತ್ತಿದರೆ ಸ್ಯಾನ್ ರಮೋನಿನ ಆಫೀಸಿನಲ್ಲಿ ಅವನ ಫೋನು ಬಡಿಯುತ್ತದೆ, ಮುಖ ಕಾಣುತ್ತದೆ, ಅಲ್ಲಿಂದಲೇ ಮಾತಾಡಬಹುದು, ಬೀಗವನ್ನೂ ತೆಗೆಯಬಹುದು. ಹಿಂದಿನ ಗೇಟಿಗೆ ಬೀಗ ಜಡಿದು, ಮುಂದಿನಿಂದ ಬನ್ನಿ ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ.

"ಅವ್ವಾ, ಇನ್ನ ಬಾಗಿಲು ನೀ ತೆಗೀಬ್ಯಾಡ. ಕಂಟ್ರೋಲು ನನ್ನ ಹತ್ರ ಇರ್ಲಿ."

ಊಟದ ಹೊತ್ತಿಗೆ ಗುಬ್ಬಿ ಡಿಬೇಟಿನ ವಿಷಯ ಎತ್ತಿದಾಗ ಅವನು ಚಪಾತಿ ಕೆಳಗಿಟ್ಟು, "ಕೊಡ್ಲೇಬೇಕು! ಫುಲ್ ಕಂಟ್ರೋಲು!" ಎಂದು ಮೇಜು ಗುದ್ದಿದ. ಅವನು ಸಮುದ್ರದ ದ್ವೀಪದ ಬಗ್ಗೆ ಮಾತಾಡುತ್ತಿರಲಿಲ್ಲ ಎಂದು ನಿಮ್ಮ ಅಮ್ಮನಿಗೂ ತಿಳಿಯಿತು. ನಗು ತಡೆಯಲು ನೀರು ಕುಡಿದಳು.

ನನಗೆ ನಗು ಬರಲಿಲ್ಲ. ಹಿಂದಿನ ಗೇಟಿನಿಂದ ಬರುವವರು ಒಬ್ಬರೇ ಒಬ್ಬರು. ನೀವು ಡಬ್ಬಿ ಅಜ್ಜಿ ಎನ್ನುತ್ತೀರಲ್ಲ, ಅವರು. ಹುಬ್ಬಳ್ಳಿಯವರು, ನಮ್ಮ ಹಿಂದಿನ ಓಣಿಯಲ್ಲಿ ಮಗಳು ಅಳಿಯನ ಜೊತೆ ಇರುವವರು. ನಾನು ಅವರಿಗೆ ಆಪಾ ಅನ್ನುತ್ತೇನೆ, ಅವರು ನನಗೆ ಅಕ್ಕಾರ ಅನ್ನುತ್ತಾರೆ, ಎರಡೂ ಅಕ್ಕನೇ. ಯಾರು ದೊಡ್ಡವರು ಎಂದು ನಾವು ಕೇಳಿಕೊಂಡಿಲ್ಲ. ಈ ಊರಿನಲ್ಲಿ ನಾನು ನಾಚಿಕೆಯಿಲ್ಲದೆ ಮಾತಾಡುವುದು ಅವರೊಬ್ಬರ ಜೊತೆ. ಮೊದಲ ಸಲ ಅವರು ಒಂದು ಸ್ಟೀಲಿನ ಡಬ್ಬಿಯಲ್ಲಿ ಸಜ್ಜಕ ತಂದರು. ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಾನು ಚಕ್ಕುಲಿ ತುಂಬಿ ಕೊಟ್ಟೆ. ಅವರಲ್ಲೂ ಇಲ್ಲ, ಅವರು ಬೇರೆ ಏನೋ ತುಂಬಿ ತಂದರು. ಅಂದಿನಿಂದ ಆ ಡಬ್ಬಿಗೆ ವಿಶ್ರಾಂತಿಯೇ ಇಲ್ಲ.

ಬೀಗ ಬಿದ್ದ ಮರುದಿನ ಮಧ್ಯಾಹ್ನ ಆಪಾ ಡಬ್ಬಿ ಹಿಡಿದು ಸುತ್ತು ಹಾಕಿ ಮುಂಬಾಗಿಲಿಗೆ ಬಂದರು. ನಾನು ಅಡುಗೆಮನೆಯಲ್ಲಿ ಹಿಟ್ಟಿನ ಕೈ ತೊಳೆಯುತ್ತಿದ್ದೆ. ಹೊರಗೆ ನಿಮ್ಮ ಅಪ್ಪನ ದನಿ ಕೇಳಿಸಿತು. ಮನೆಗೆ ಬಂದುಬಿಟ್ಟನೇ ಎಂದುಕೊಂಡೆ. ಮಾತಾಡಿದ್ದು ಗಂಟೆ.

"ಯೆಸ್, ಹೂ ಈಸ್ ಇಟ್?"

"ಯಾರು, ತಮ್ಮಾ? ಎಲ್ಲಿ ಅದೀಯಪ್ಪಾ? ಗ್ವಾಡ್ಯಾಗ ಯಾಕ ಹೊಕ್ಕೊಂಡಿ?"

"ಇಲ್ಲ ಚಾಚಿ, ನಾನು ಆಫೀಸಲ್ಲಿದೀನಿ. ಇದು ಗಂಟೆ."

"ಊಟ ಆತಿಲ್ಲೋ? ದನಿ ಯಾಕ ಸಣ್ಣಾಗೇತಿ? ನೆಗಡಿ ಏನು?"

"ಚಾಚಿ, ಮೀಟಿಂಗಲ್ಲಿದೀನಿ. ಏನು... ಏನು ಕೆಲಸ ಇತ್ತು?"

ಮೆಟ್ಟಿಲ ಮೇಲೆ ಡಬ್ಬಿ ಇಟ್ಟ ಸದ್ದು ಕೇಳಿಸಿತು.

ಮಕ್ಕಳೇ, ಇದನ್ನು ತಿಳಿದುಕೊಳ್ಳಿ. ನಮ್ಮ ಕಡೆ ಮನೆಗೆ ಬಂದವರನ್ನು ಯಾಕೆ ಬಂದಿರಿ, ಏನು ಕೆಲಸ ಎಂದು ಕೇಳುವುದಿಲ್ಲ. ನೀರು ಕೊಟ್ಟು ಕೂಡಿಸುತ್ತಾರೆ. ಕೆಲಸವಿದ್ದರೆ ಅವರೇ ಹೇಳುತ್ತಾರೆ, ಇಲ್ಲದಿದ್ದರೆ ಹೇಳದೆಯೇ ಹೋಗುತ್ತಾರೆ. ಬಾಗಿಲಲ್ಲಿ ನಿಲ್ಲಿಸಿ ಏನು ಕೆಲಸ ಎಂದರೆ, ಹೋಗಿರಿ ಎಂದ ಹಾಗೆ. ನಿಮ್ಮ ಅಪ್ಪನಿಗೂ ಅದು ಗೊತ್ತು. ಆದರೆ ಆ ಗಂಟೆಯೊಳಗಿಂದ ಮಾತಾಡುವಾಗ ಎಲ್ಲರೂ ಅದನ್ನೇ ಕೇಳುತ್ತಾರೆ.

ನಾನು ಓಡಿಬಂದು ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಡಬ್ಬಿ ಒಂದೇ ಇತ್ತು. ಒಳಗೆ ಗೋಧಿ ಹುಗ್ಗಿ, ಇನ್ನೂ ಬೆಚ್ಚಗಿತ್ತು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರ ಬದಲು ಬೇರೊಬ್ಬ ಬಂದ. ನಿಮ್ಮ ಅಪ್ಪ ಬಿಸಿನೀರಿನ ಟ್ಯಾಂಕಿನ ರಿಪೇರಿಗೆ ಯಾರನ್ನೋ ಕರೆದಿದ್ದ. ಫೋನಿನಲ್ಲಿ ಒಬ್ಬ ಟೋಪಿಯವನ ಮುಖ ಕಂಡದ್ದೇ ತಡ, ರಿಪೇರಿಯವನೇ ಎಂದು ಗುಂಡಿ ಒತ್ತಿ ಬೀಗ ತೆಗೆದ. ಆ ಮನುಷ್ಯ ಮಾಳಿಗೆಯ ಮೇಲೆ ಸೋಲಾರ್ ಹಲಗೆ ಕೂಡಿಸುವ ಕಂಪನಿಯವ. ಸೋಫಾದ ಮೇಲೆ ಕೂತು ಚಿತ್ರ ತೋರಿಸಿದ. ನಾನು ತಲೆ ಆಡಿಸಿದೆ. ಚಕ್ಕುಲಿ ಕೊಟ್ಟೆ. ಮತ್ತೆ ಚಿತ್ರ ತೋರಿಸಿದ, ಮತ್ತೆ ತಲೆ ಆಡಿಸಿದೆ. ಸಂಜೆ ನಿಮ್ಮ ಅಪ್ಪನಿಗೆ ಫೋನು ಬಂತು: ನಿಮ್ಮ ತಾಯಿ ಮಾಳಿಗೆ ತುಂಬ ಹಲಗೆ ಹಾಕಿಸಲು ಒಪ್ಪಿದ್ದಾರೆ, ಅಭಿನಂದನೆ.

"ಅವ್ವಾ, ಯಾಕ ಒಪ್ಪಿದಿ?"

"ಒಳಗ ಬಿಟ್ಟಾಂವ ನೀ," ಎಂದೆ. ಮೆಲ್ಲಗೆ ಎಂದೆ.

ನನಗೆ ಚಿಂತೆಯಾದದ್ದು ಮಾಳಿಗೆಯದಲ್ಲ, ಡಬ್ಬಿಯದು. ಅದನ್ನು ತೊಳೆದು, ಶೇಂಗಾ ಚಟ್ನಿ ತುಂಬಿ, ಆಪಾ ಅವರ ಮನೆಯ ಮುಂದೆ ಹೋದೆ. ಅವರ ಬಾಗಿಲಲ್ಲೂ ಅಂಥದೇ ಗಂಟೆ, ನೀಲಿ ಕಣ್ಣು ಬಿಟ್ಟುಕೊಂಡು ಕೂತಿತ್ತು. ಮನುಷ್ಯರೊಡನೆಯೇ ಮಾತಾಡಲು ನಾಚುವವಳು ಗಂಟೆಯೊಡನೆ ಏನು ಮಾತಾಡಲಿ? ಚಟ್ನಿ ಹೊತ್ತುಕೊಂಡು ಹೋದ ದಾರಿಯಲ್ಲೇ ತಿರುಗಿ ಬಂದೆ. ಅಂದು ಬೀಸುಕಲ್ಲಿನ ಹಾಗೆ ತಲೆಯಲ್ಲಿ ತಿರುಗಿದ್ದು ಒಂದೇ ಯೋಚನೆ: ಆಪಾ ಇನ್ನು ಬರುವುದಿಲ್ಲ.

ಡಿಬೇಟಿನ ಹಿಂದಿನ ಸಂಜೆ ಗುಬ್ಬಿ ಕೊನೆಯ ಪ್ರಾಕ್ಟೀಸು ಇಟ್ಟಳು. ಅಪ್ಪ ಜಡ್ಜು, ಅಮ್ಮ ಪ್ರೇಕ್ಷಕಿ, ಶಾರ್ಕು ಶಾರ್ಕೇ. ಗುಬ್ಬಿ ದೊಡ್ಡ ದೇಶದ ಆಫೀಸರಾಗಿ ಅಪ್ಪನ ಕಪ್ಪು ಕನ್ನಡಕ ಹಾಕಿಕೊಂಡು ಜಮಖಾನದ ಮೇಲೆ ನಿಂತಳು. ನನ್ನನ್ನು ಮುಖ್ಯಸ್ಥೆಯ ಪದವಿಯಿಂದ ಇಳಿಸಿ ಪ್ರಯಾಣಿಕಳನ್ನಾಗಿ ಮಾಡಿ ಸಮುದ್ರದ ಅಂಚಿಗೆ ನಿಲ್ಲಿಸಿದಳು.

"ಯಾಕೆ ಬಂದಿರಿ? ಎಷ್ಟು ದಿನ ಇರ್ತೀರಿ? ಊಟ ಯಾರು ಹಾಕ್ತಾರೆ?"

ನನ್ನದೇ ಜಮಖಾನ! ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು.

"ಯಾಕ ಬಂದಿ ಅಂತ ಯಾರನ್ನೂ ಕೇಳಬ್ಯಾಡ," ಎಂದೆ. "ಗೊತ್ತಿಲ್ಲದವ್ರನ್ನ ನಾ ಒಳಗ ಬಿಟ್ಟೆ, ಇಲ್ಲ ಅನ್ನೂದು ನನ್ನಿಂದ ಆಗೂದಿಲ್ಲ, ಖರೆ. ಮುಂದಿನ ಬಾಗಿಲು ಸರಕಾರದವ್ರು ನೋಡಿಕೊಳ್ಳಲಿ. ಸೋಲಾರದವನ್ನ ಅವ್ರ ಓಡಸಲಿ. ಹಿಂದಿನ ಗೇಟು ನಂದು. ಅಲ್ಲಿ ಯಾರು ಬರ್ತಾರ ಅಂತ ಸ್ಯಾನ್ ರಮೋನದಾಗ ಕುಂತವ್ರಿಗೆ ಏನು ಗೊತ್ತು?" ನಿಮ್ಮ ಅಪ್ಪನ ಕಡೆ ಕೈ ಚಾಚಿದೆ. "ಕೀಲಿ ಕೊಡಪಾ."

ಪುಟ್ಯಾ, ನೀನು ಈಜುವುದನ್ನು ನಿಲ್ಲಿಸಿಬಿಟ್ಟೆ.

"ಅಜ್ಜಿ, ಡಿಬೇಟಲ್ಲಿ ಥರ್ಡ್ ಸೈಡ್ ಇಲ್ಲ," ಎಂದಳು ಗುಬ್ಬಿ.

"ಇರಲಿ ಬಿಡು," ಎಂದರು ಜಡ್ಜು ಸಾಹೇಬರು. ಅವನು ಕಿವಿ ಕೆಂಪಗೆ ಮಾಡಿಕೊಂಡು ಬೀಗ ತೆಗೆಯಲು ಹೋದ. ಚೀಟಿಯನ್ನು ಹರಿದ. ಆಮೇಲೆ ತಾನಾಗಿಯೇ ಡಬ್ಬಿ ಎತ್ತಿಕೊಂಡು, "ನಾನೇ ಕೊಟ್ಟು ಬರ್ತೀನಿ. ಆವತ್ತು ನನ್ನ ಊಟ ಆಯ್ತಾ ಅಂತ ಕೇಳಿದವರು ಅವರೊಬ್ಬರೇ," ಎಂದ. ಶಾರ್ಕು ಜೊತೆಗೆ ಹೊರಟಿತು. ನಾನು ಹಿಂದೆ ಹಿಂದೆ ಹೋಗಿ ಓಣಿಯಲ್ಲಿ ನಿಂತೆ.

ಅವನು ಗಂಟೆ ಒತ್ತಿದ. ಬೆರ್ರಿಯೆಸಾದ ರೈಲು ಸ್ಟೇಷನ್ನಿನಲ್ಲೆಲ್ಲೋ ಇದ್ದ ಆಪಾ ಅವರ ಅಳಿಯನ ದನಿ ಬಂತು.

"ಹಲೋ? ಹೂ ಈಸ್ ದಿಸ್? ವಾಟ್ ಈಸ್ ದಿಸ್ ರಿಗಾರ್ಡಿಂಗ್?"

ನಿಮ್ಮ ಅಪ್ಪ ಡಬ್ಬಿಯನ್ನು ನೀಲಿ ಕಣ್ಣಿನ ಎದುರು ಎತ್ತಿ ತೋರಿಸಿದ.

"ಚಟ್ನಿ," ಎಂದ.

"ಸಾರಿ, ನಾಟ್ ಇಂಟರೆಸ್ಟೆಡ್," ಎಂದಿತು ಗಂಟೆ.

ಮನೆಯ ಪಕ್ಕದ ಗೇಟು ತೆರೆಯಿತು. ಆಪಾ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದು, "ಅದರ ಜೋಡಿ ಏನ್ ಮಾತಾಡ್ತೀಯೋ ತಮ್ಮಾ? ಅದಕ್ಕ ಹೊಟ್ಟಿ ಐತೇನು? ಹಿಂದಿಂದ ಬಾ," ಎಂದರು. ಓಣಿಯಲ್ಲಿ ನಿಂತ ನನ್ನನ್ನು ಕಂಡು, "ಅಕ್ಕಾರ, ನೀವೂ ಬರ್ರಿ. ಚಾ ಇಟ್ಟೀನಿ," ಎಂದರು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

ಗುಬ್ಬಿ, ಡಿಬೇಟಿನಲ್ಲಿ ನೀನು ಸೋತೆ. ಮಧ್ಯದಲ್ಲಿ ಹಿಂದಿನ ಗೇಟಿನ ವಿಷಯ ತಂದದ್ದರಿಂದ ನಿನ್ನ ಟೀಮಿನವರಿಗೇ ನೀನು ಯಾವ ಕಡೆ ಎಂದು ತಿಳಿಯಲಿಲ್ಲವಂತೆ. ಬೇಜಾರು ಮಾಡಿಕೊಳ್ಳಬೇಡ. ಹಿಂದಿನ ಗೇಟಿಗೆ ಬದಲಾಗಿ ನಿಮ್ಮ ಅಪ್ಪನೊಡನೆ ಆದ ಒಪ್ಪಂದದ ಪ್ರಕಾರ ನಾನೂ ಮುಂಬಾಗಿಲಲ್ಲಿ ನೋ ಥ್ಯಾಂಕ್ಯು ಅನ್ನಲು ಕಲಿತೆ. ಶನಿವಾರ ಆ ತರುಣರು ಬಂದಾಗ ಗಟ್ಟಿಯಾಗಿ ಅಂದೆ, ಅವಲಕ್ಕಿಯನ್ನು ಕಾಗದದ ತಟ್ಟೆಯಲ್ಲಿ ಹೊರಗೇ ಕೊಟ್ಟೆ.

ಮರುದಿನ ಮಧ್ಯಾಹ್ನ ಆಪಾ ಹಿಂದಿನ ಗೇಟಿನಲ್ಲಿ ನಿಂತು ಕೂಗಿದರು. "ಅಕ್ಕಾರ, ವೀಸಾ ಬೇಕೇನ್ರಿ?"

"ಡಬ್ಬಿ ತೋರಸ್ರಿ ಮೊದ್ಲ," ಎಂದೆ.

ಈ ಹಾಳೆಗಳನ್ನು ಜೋಪಾನವಾಗಿ ಇಡಿ, ಮಕ್ಕಳೇ. ಎಲ್ಲಾದರೂ ಇಡಿ, ಆ ಸ್ಟೀಲಿನ ಡಬ್ಬಿಯಲ್ಲಿ ಮಾತ್ರ ಬೇಡ. ಅದು ಯಾವ ದಿನ ಯಾವ ಮನೆಯಲ್ಲಿರುತ್ತದೆ ಎಂದು ನನಗೇ ಗೊತ್ತಿರುವುದಿಲ್ಲ.