ನೀರು ಹಾಕದ ಪಾರ್ವತೆಮ್ಮ

ಯಾದಗಿರಿಯಲ್ಲಿ ಹೊಸ ಮನೆ ಕಟ್ಟಿದವರಿಗೆ ಒಂದು ಕಾಯಿಲೆ ತಪ್ಪದೆ ಅಂಟುತ್ತದೆ. ಗೃಹಪ್ರವೇಶದ ಚಪ್ಪರ ಬಿಚ್ಚುವ ಮೊದಲೇ ಮನೆಯ ಮುಂದೆ ಹಸಿರು ಹುಲ್ಲು ಬೇಕೆನಿಸುತ್ತದೆ. ಕುಡಿಯುವ ನೀರು ವಾರಕ್ಕೊಮ್ಮೆ ಬಂದರೂ ಚಿಂತೆಯಿಲ್ಲ, ಹುಲ್ಲು ಮಾತ್ರ ದಿನಕ್ಕೆರಡು ಸಲ ಮೀಯಬೇಕು. ಮೇ ತಿಂಗಳು ಬಂದು ಅದು ಜೋಳದ ಒಣ ಕಣಿಕೆಯ ಬಣ್ಣಕ್ಕೆ ತಿರುಗಿದಾಗ ಬೈಗುಳ ತಿನ್ನುವವರು ಮಾತ್ರ ಗಿಡ ನೋಡಿಕೊಳ್ಳುವ ಆಳುಗಳು.

ಆ ಬೈಗುಳ ಕೇಳಿ ಕೇಳಿ ಪಾರ್ವತೆಮ್ಮ ಹಣ್ಣಾಗಿದ್ದಳು. ಭೀಮಾ ದಂಡೆಯ ಹಳ್ಳಿಯಲ್ಲಿ ಹುಟ್ಟಿ, ಮೀನು ಹಿಡಿಯುವ ಭೀಮುವನ್ನು ಕಟ್ಟಿಕೊಂಡು ಯಾದಗಿರಿಗೆ ಬಂದವಳು. ಹದಿನೆಂಟು ವರ್ಷ ಒಂದು ನರ್ಸರಿಯಲ್ಲಿ ಕೊಡ ಹೊತ್ತಳು. ಅಲ್ಲಿ ಗೋಡೆಯ ಹಿಂದೆ, ಯಾರೂ ಕೊಳ್ಳದ ಗಿಡಗಳನ್ನು ಎಸೆಯುವ ಜಾಗವೊಂದಿತ್ತು. ಅದರ ಕಡೆ ಒಬ್ಬರೂ ಒಂದು ತಂಬಿಗೆ ನೀರು ಚೆಲ್ಲಿದವರಲ್ಲ. ಪ್ರತಿ ಬೇಸಿಗೆ ಮುಗಿಯುವಾಗ ಪಾರ್ವತೆಮ್ಮ ಅಲ್ಲಿಗೆ ಹೋಗಿ ಯಾವುದು ಇನ್ನೂ ಜೀವ ಹಿಡಿದಿದೆ ಎಂದು ನೋಡುತ್ತಿದ್ದಳು. ಲೋಳಸರ, ಕಣಗಿಲೆ, ಕತ್ತಾಳೆ, ಕಾಗದದ ಹೂವಿನ ಬಳ್ಳಿ. ಬದುಕಿದ್ದನ್ನು ಮಾತ್ರ ನಂಬಿ ಮನೆಗೆ ತಂದಳು. ಕಲ್ಲುಗಳ ನಡುವೆ ನೆಟ್ಟು, ಸುತ್ತ ಗರಸಿನ ಹರಳು ಹರವಿ, ಎರಡು ಕೋಣೆಯ ಮನೆಯ ಅಂಗಳವನ್ನು ನಿಂತು ನೋಡುವ ಹಾಗೆ ಮಾಡಿದಳು.

ಪಕ್ಕದ ಮನೆಯ ಮುನ್ನಿಬೀ ಬಂದು ನೋಡಿದಳು. "ಏ ಪಾರ್ವತಿ, ಮನಿ ಮುಂದ ಖಬರಸ್ತಾನ ಮಾಡಿದಿ ಏನವಾ?"

"ಹೌದವಾ, ನಿನಗೂ ಒಂದು ಜಾಗ ಹಿಡಿದೀನಿ" ಎಂದಳು ಪಾರ್ವತೆಮ್ಮ. ಅವಳ ಬಾಯಿ ಅಂಥದ್ದೇ.

ಅವಳಿಗೂ ಜಂಬ ಕಡಿಮೆಯಿರಲಿಲ್ಲ ಎನ್ನಬೇಕು. ನಾಲ್ಕಾರು ಮನೆಗಳಲ್ಲಿ ಅಂಥ ಅಂಗಳ ಮಾಡಿದ್ದಳು, ಎಲ್ಲವೂ ಓಣಿಯೊಳಗಿನ ಮನೆಗಳು. ದೊಡ್ಡ ರಸ್ತೆಯ ಮೇಲೆ ತನ್ನ ತೋಟವೊಂದು ನಿಲ್ಲಬೇಕು, ಹೋಗುವವರು ಬರುವವರು ಇದನ್ನು ಮಾಡಿದ್ದು ಯಾರು ಎಂದು ಕೇಳಬೇಕು, ಉತ್ತರದಲ್ಲಿ ತನ್ನ ಹೆಸರು ಬರಬೇಕು. ಐವತ್ತು ದಾಟಿದ ಹೆಂಗಸಿಗೆ ಬೇರೆ ಆಸೆಯೇ ಇರಲಿಲ್ಲ.

ಶಹಾಪುರ ರಸ್ತೆಯ ಬಸವಲಿಂಗ ಸಾವುಕಾರ ಕರೆ ಕಳಿಸಿದಾಗ ಆ ಆಸೆಗೆ ರೆಕ್ಕೆ ಬಂತು. ಸಾವುಕಾರನಿಗೆ ಹತ್ತಿಯ ಗಿರಣಿಯಿದೆ, ಗೋಪುರದಂಥ ಮನೆಯಿದೆ, ಕೊರೆಸಿದ ಎರಡು ಬೋರುಗಳಲ್ಲಿ ಬರೀ ಧೂಳಿದೆ. ಅವನು ಅವಳನ್ನು ಕರೆದದ್ದು ಅಭಿರುಚಿಯಿಂದಲ್ಲ, ಆ ಧೂಳಿನ ದೆಸೆಯಿಂದ.

ಮೂರು ವಾರ ದುಡಿದಳು. ಬುನಾದಿ ತೋಡಿದಾಗ ಎದ್ದು ಬಂದಿದ್ದ ಬಂಡೆಗಳನ್ನೇ ಆರಿಸಿ, ಮೊದಲಿನಿಂದಲೂ ಅಲ್ಲೇ ಇದ್ದವು ಎನ್ನುವ ಹಾಗೆ ಮೂರನೇ ಒಂದು ಪಾಲು ನೆಲದಲ್ಲಿ ಹೂತಳು. ನಡೆಯುವ ದಾರಿಗೆ ಪರಸಿ ಕಲ್ಲು ಹಾಸಿ, ಗಿಡದ ಮಡಿಗಳನ್ನು ದಾರಿಗಿಂತ ಗೇಣು ತಗ್ಗಿಸಿದಳು, ಮಾಳಿಗೆಯ ಮಳೆನೀರು ತಾನಾಗಿ ಅಲ್ಲಿಗೆ ಇಳಿಯಲೆಂದು. ಶ್ರಾವಣದಲ್ಲಿ ಅಂಗಳ ತುಂಬ ಹೂವಾಯಿತು. ಸಾವುಕಾರ ಬಂದವರಿಗೆಲ್ಲ ತೋರಿಸಿ, ಡಿಸೈನ್ ತನ್ನದೇ ಎಂದ. ತೋಟ ಒಂದು ಬೇಸಿಗೆ ನಿಲ್ಲಲಿ, ಮಾಡಿದವರ ಹೆಸರು ತಾನಾಗಿ ಹೊರಬೀಳುತ್ತದೆ ಎಂದುಕೊಂಡು ಪಾರ್ವತೆಮ್ಮ ಒಣಗಿದ ಹೂವು ಆರಿಸುತ್ತ ಹೋದಳು.

ತೋಟ ಬೇಸಿಗೆ ಕಾಣಲೇ ಇಲ್ಲ. ಸಾವುಕಾರನ ಬಸುರಿ ಮಗಳು ಉಮಾಶ್ರೀಯ ಸೀಮಂತ, ಆ ಕಡೆಯ ಮಾತಿನಲ್ಲಿ ಕುಬಸ, ಮೇ ತಿಂಗಳಿಗೆ ಬಿತ್ತು. ರಾಯಚೂರಿನ ಬೀಗರ ಮನೆಯ ಮುಂದೆ ಹುಲ್ಲುಹಾಸಿದೆ ಎಂದು ಗೊತ್ತಾದದ್ದೇ ತಡ, ಸಾವುಕಾರನಿಗೆ ನಿದ್ದೆ ಹತ್ತದಾಯಿತು. ಶಿವರಾತ್ರಿ ಕಳೆದ ವಾರವೇ ಹೈದರಾಬಾದಿನಿಂದ ಸುರುಳಿ ಸುತ್ತಿದ ಪ್ಲಾಸ್ಟಿಕ್ ಹುಲ್ಲು ಬಂದಿಳಿಯಿತು.

"ನಿನ್ನ ಕಲ್ಲು ಮುಳ್ಳು ತಗೊಂಡು ಹೋಗಬೇ" ಎಂದ. "ಇದಕ್ಕ ನೀರೂ ಬ್ಯಾಡ, ನೀನೂ ಬ್ಯಾಡ."

ಪಾರ್ವತೆಮ್ಮ ಅವತ್ತು ಅತ್ತಳು, ಸುಳ್ಳು ಹೇಳುವುದೇಕೆ. ಆಮೇಲೆ ಗಂಡನನ್ನು ಕರೆತಂದು, ಕಲ್ಲುಗಳನ್ನು ಒಂದೊಂದಾಗಿ ಉರುಳಿಸಿ ಕಂಪೌಂಡಿನ ಹೊರಗೆ, ರಸ್ತೆ ಬದಿಯ ಬೇವಿನ ಮರದ ಕೆಳಗೆ ಮತ್ತೆ ಜೋಡಿಸಿ, ನಡುವೆ ಗಿಡಗಳನ್ನು ನೆಟ್ಟಳು. ಮೂರು ಗಿಡ ಸತ್ತವು, ಉಳಿದವು ಒಂದು ತಿಂಗಳು ಮುನಿಸಿಕೊಂಡು ನಿಂತು ಚಿಗುರಿದವು.

ಕುಬಸದ ದಿನ ಬೀಗರು ಬಂದರು. ಆರತಿಗೆಂದು ಹೆಂಗಸರೆಲ್ಲ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟರು, ಇಟ್ಟಷ್ಟೇ ಬೇಗ ಎತ್ತಿದರು. ಯಾದಗಿರಿಯ ಬಿಸಿಲಿಗೆ ಪ್ಲಾಸ್ಟಿಕ್ಕು ರೊಟ್ಟಿಯ ಹಂಚಿನ ಹಾಗೆ ಕಾದಿತ್ತು. ಒಬ್ಬ ಮುತ್ತೈದೆ ಆರತಿ ತಟ್ಟೆ ಹಿಡಿದುಕೊಂಡೇ ಕುಣಿದಳು. ಸಾವುಕಾರ ಟ್ಯಾಂಕರಿಗೆ ಫೋನು ಮಾಡಿದ. ನೀರು ಬೇಡದ ಹುಲ್ಲಿಗೆ ಐದು ಸಾವಿರ ಲೀಟರು ನೀರು ಬಂತು. ಹೊರಗೆ ತನ್ನ ಗಿಡ ನೋಡಲು ಬಂದಿದ್ದ ಪಾರ್ವತೆಮ್ಮನನ್ನು ಯಾರೋ ಒಳಗೆ ಕರೆದು ಕೈಗೆ ಪೈಪು ತುರುಕಿದರು. ಅವಳು ಕೌತುಕಕ್ಕೆ ಹಿಡಿದಳು. ಪ್ಲಾಸ್ಟಿಕ್ಕಿಗೆ ನೀರುಣಿಸುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಒಂದು ಕಡೆ ತಂಪಾದರೆ ಇನ್ನೊಂದು ಕಡೆ ಹಬೆಯೇಳುತ್ತಿತ್ತು.

ಅಷ್ಟರಲ್ಲಿ ಬೀಗರ ಮಂದಿ ಗೇಟು ದಾಟಿ ಬೇವಿನ ನೆರಳಿಗೆ ಹೋಗಿ, ಅವಳ ಕಲ್ಲುಗಳ ಮೇಲೆ ಕೂತಾಗಿತ್ತು. ಉಮಾಶ್ರೀಯನ್ನೂ ಅಲ್ಲಿಗೇ ಕರೆತಂದು, ಕೆಂಪು ಕಣಗಿಲೆಯ ಮುಂದೆ ಕೂರಿಸಿ ಉಡಿ ತುಂಬಿದರು. ಫೋಟೋದವನೂ ಅಲ್ಲಿಗೇ ಹೋದ.

ಬೀಗತಿ ಸುತ್ತ ನೋಡಿ ಕೇಳಿದಳು. "ಭಾಳ ಛಂದ ಅದರಿ ಬೀಗರ. ಯಾರು ಮಾಡ್ಯಾರ್ರಿ ಇದು?"

ಪಾರ್ವತೆಮ್ಮ ಎಷ್ಟು ವರ್ಷದಿಂದ ಕಾದಿದ್ದ ಮಾತು. ಗೇಟಿನಲ್ಲಿ ನಿಂತಿದ್ದ ಸಾವುಕಾರ ಒಳಗೆ ಪೈಪು ಹಿಡಿದವಳ ಕಡೆ ಕೈ ಮಾಡಿದ.

"ರಸ್ತೇನೂ ಛಂದ ಕಾಣ್ಲಿ ಅಂತ ನಾನೇ ಮಾಡ್ಸೀನ್ರಿ. ಡಿಸೈನು ನಂದೇ. ಇಕಿ ನಮ್ಮ ನೀರು ಹಾಕಾಕಿ."

ಪಾರ್ವತೆಮ್ಮ ಸುರಿಯುವ ಪೈಪಿನೊಂದಿಗೇ ಗೇಟಿನ ತನಕ ಬಂದಳು.

"ಹದಿನೆಂಟು ವರ್ಷ ನೀರು ಹಾಕೀನ್ರೆವ್ವಾ, ಸುಳ್ಳಲ್ಲ. ಇದಕ್ಕ ಮಾತ್ರ ಹಾಕಿಲ್ಲ. ಇದನ್ನ ಮಾಡ್ದಾಕಿ ನಾನು, ಪಾರ್ವತೆಮ್ಮ" ಎಂದಳು. ಆಮೇಲೆ ಪೈಪನ್ನು ಸಾವುಕಾರನ ಕೈಗೆ ಕೊಟ್ಟಳು. "ಹಿಡೀರಿ ಸಾವುಕಾರ್ರ. ಅಲ್ಲಿ ನಿಮ್ಮ ಡಿಸೈನು ಸುಡಾಕತ್ತದ."

ಬೀಗತಿ ಸರಿದು ಕೂತು, ಪಕ್ಕದ ಕಲ್ಲಿನ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟಳು. ಟ್ಯಾಂಕರಿನಲ್ಲಿ ಇನ್ನೂ ಅರ್ಧ ನೀರಿತ್ತು. ಬಸವಲಿಂಗ ಸಾವುಕಾರ ರೇಷ್ಮೆ ಅಂಗಿಯಲ್ಲಿ, ಬೀಗರೆಲ್ಲರ ಎದುರಿಗೆ, ಪ್ಲಾಸ್ಟಿಕ್ ಹುಲ್ಲಿಗೆ ನೀರು ಹಾಕುತ್ತ ನಿಂತ.