ಬೇಲಿಯಾಚೆಗೆ ಒಂದು ಹಿಡಿ ಚರಗ

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಸಜ್ಜೆ ಕಡುಬು, ಭಜ್ಜಿಪಲ್ಯ, ಅನ್ನ ಕಲೆಸಿದ ಚರಗವನ್ನು ಬೆಳೆಯ ಮೇಲೆ ಚೆಲ್ಲುವುದು ನಮ್ಮ ಕಡೆಯ ರೂಢಿ. ವರ್ಷವಿಡೀ ಉಣ್ಣಿಸಿದ ನೆಲಕ್ಕೆ ಒಂದು ದಿನ ನಾವು ಉಣ್ಣಿಸಬೇಕು. ನಮ್ಮ ಹೊಲವೀಗ ಊರ ಪಕ್ಕದ ಸಣ್ಣ ವಿಮಾನ ನಿಲ್ದಾಣದ ಬೇಲಿಯೊಳಗಿದೆ.

ಸರ್ಕಾರದವರು ಭೂಮಿ ಪಡೆಯುವಾಗ ಮನೆಗೊಂದು ನೌಕರಿ ಎಂದರು. ಸುರಪುರ ತಾಲ್ಲೂಕಿನ ರೋಗಿಯೂ ಹಾರಿ ಹೋಗಿ ದೊಡ್ಡ ಆಸ್ಪತ್ರೆ ಸೇರುತ್ತಾನೆಂದರು. ಆದರೆ ಕಸ ಗುಡಿಸುವ ಕೆಲಸ ಕೂಡ ಹೊರಗಿನ ಗುತ್ತಿಗೆದಾರನ ಪಾಲಾಯಿತು. ಬಂಡಿದಾರಿ ಮುಚ್ಚಿದರು. ಬಾವಿಗೆ ಮಣ್ಣು ತುಂಬಿದರು. ಇವನ್ನು ನಾನು ಭೂಮಿ ಕಳೆದುಕೊಂಡವರ ಪ್ರತಿ ಸಭೆಯಲ್ಲೂ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ದಿನವೂ ವಿಮಾನ ಬರುತ್ತಿದ್ದ ಮೊದಲ ವರ್ಷ ಅವ್ವ ಚರಗದ ಬುಟ್ಟಿಯೊಂದಿಗೆ ಬೇಲಿಗೆ ಹೋದಾಗ ಮುದನಾಳ ಊರಿನ ಕಡೆಯವನಾದ ಕಾವಲುಗಾರ ತಡೆದಿದ್ದ. ಅನ್ನ ಬಿದ್ದರೆ ಹಕ್ಕಿ ಬರುತ್ತವೆ, ಹಕ್ಕಿ ಬಡಿದರೆ ವಿಮಾನ ಬೀಳುತ್ತದೆ ಎಂದಿದ್ದ. ಅವ್ವ ವಾದಿಸಲಿಲ್ಲ. "ಮಂದಿ ಜೀವದ ಮಾತದ, ನಡಿ" ಎಂದು ಹಿಂದಿರುಗಿ ಪರರ ಹೊಲದಲ್ಲಿ ಚೆಲ್ಲಿದಳು. ಮುಂದಿನ ವರ್ಷಗಳಲ್ಲೂ ಹಾಗೆಯೇ.

ದಿನದ ವಿಮಾನ ವಾರಕ್ಕೊಮ್ಮೆಯಾಯಿತು, ಕೊನೆಗೆ ನಿಂತೇಹೋಯಿತು. ಟಿಕೆಟ್ ಕಿಟಕಿ ಮುಚ್ಚಿತು, ಚಹಾದಂಗಡಿ ಎದ್ದುಹೋಯಿತು. ಬೇಲಿ ಮಾತ್ರ ಇನ್ನೂ ಎತ್ತರವಾಯಿತು. ನಷ್ಟವೆಂದು ವಿಮಾನ ನಿಲ್ಲಿಸಿದವರಿಗೆ ನಮ್ಮ ನಷ್ಟ ಕಾಣಲಿಲ್ಲ.

ಈ ಸಲ ಅವ್ವ ಬುಟ್ಟಿಯನ್ನು ನನ್ನ ತಲೆಗೇರಿಸಿದಳು. ದೇವರಿಗೆ ಕೈಮುಗಿಯದ ನಾನು ಹೊತ್ತು ಬೇಲಿಯತ್ತ ನಡೆದೆ. ಆ ನೆಲದೊಡನೆ ನಮ್ಮ ಸಂಬಂಧ ಒಂದು ಸಹಿಗೆ ಮುಗಿಯಿತೆಂದು ನಾನೂ ಒಪ್ಪಿಲ್ಲ.

ಅದೇ ಕಾವಲುಗಾರ ಓಡಿಬಂದ. "ಬ್ಯಾಡ್ರಿ ಅವ್ವಾರ, ಹಕ್ಕಿ ಬರ್ತಾವ."

"ಇವತ್ತ ವಿಮಾನ ಬರ್ತದೇನೋ ತಮ್ಮಾ?"

"ಇಲ್ರೀ."

"ನಾಳಿಗಿ?"

"ನನಗೇನ್ ಗೊತ್ರೀ. ಬಂದೇ ಭಾಳ ದಿನ ಆತು."

"ಮತ್ತ ಹಕ್ಕಿ ಬಂದು ಯಾರಿಗಿ ಬಡೀಬೇಕು? ನಿನ್ನ ಕುರ್ಚಿಗೇನು?"

ಅವನು ನಗು ನುಂಗಿಕೊಂಡ. "ರೂಲ್ ಅದರೀ..."

ಆ ನಿಯಮದ ಅನ್ಯಾಯವನ್ನು ವಿವರಿಸಲು ನಾನು ಬಾಯಿ ತೆರೆದೆ.

"ಭಾಷಣ ಆಮ್ಯಾಲ ಮಾಡು. ಬುಟ್ಟಿ ಕೆಳಗಿಳಸು" ಎಂದಳು ಅವ್ವ. ಒಂದು ಹಿಡಿ ತೆಗೆದು, ತೋಳು ಬೀಸಿ ಬೇಲಿಯಾಚೆಗೆ ಎಸೆದಳು. ಎಲ್ಲಿದ್ದವೋ, ಗೊರವಂಕಗಳು ಬಂದು ಎರಗಿದವು.

"ಸಾಹೇಬ್ರಿಗಿ ಹೇಳಬೇಕಾಗ್ತದರೀ ಅವ್ವಾರ."

"ಹೇಳು. ವಿಮಾನ ತರ್ರಿ ಅಂದಾಳ ಅನ್ನು. ಬಂದ ದಿನ ನಾ ಕೈ ತಡೀತೀನಿ."

ಅಷ್ಟು ಹೇಳಿ ಬುಟ್ಟಿಗೆ ಮತ್ತೆ ಕೈಹಾಕಿದಳು.